ಆವೃತ್ತಿಗಳ ಪರೀಕ್ಷೆಯೂ ಕಾಲಾವಧಿಯೂ: ಒಂದು ನಿರ್ಣಯಪತ್ರದ ವಿಮರ್ಶೆ

ಪೈಥಾನ್ ಎಂಬ ಗಣಕಭಾಷೆಯನ್ನು ವೈಜ್ಞಾನಿಕ ಗಣನೆಗೆ ಬಳಸುವವರಲ್ಲಿ ‘ಎನ್.ಇ.ಪಿ. 29’ ಎಂದು ಪ್ರಸಿದ್ಧವಾಗಿರುವ ಪತ್ರವೊಂದನ್ನು ಪ್ರಕೃತ ಲೇಖನದಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ನಮ್ಮ ವಾಚಕರಿಗೆ ಈ ಮೂರಕ್ಷರಗಳು 2020ರ ಶಿಕ್ಷಣನೀತಿಯನ್ನು ನೆನಪಿಗೆ ತರುವುದು ಸಹಜ. ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನಂಪೈ ಎಂಬ ಮುಕ್ತ ತಂತ್ರಾಂಶದ ನಿರ್ವಾಹಕರು ಬರೆದಿಡುವ ಪ್ರಸ್ತಾವಗಳಲ್ಲಿ ಇದು 29ನೆಯ ಸಂಖ್ಯೆಯದು. 2019ನೆಯ ಜುಲೈ ತಿಂಗಳಿನದು. ಇತಿಹಾಸ ವಿಭಾಗದವರಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಜನಗಣತಿಯ ಅಂಕಿಗಳನ್ನು ಕೂಡಿ ಕಳೆಯುವುದಕ್ಕೂ ಶಾಸನಗಳ ಛಾಯಾಚಿತ್ರಗಳನ್ನು ಸ್ಫುಟಗೊಳಿಸುವುದಕ್ಕೂ ಇಂದು ದೊರೆಯುವ ಹಲವು ತಂತ್ರಾಂಶಗಳು ನಂಪೈಯನ್ನು ತಳಹದಿಯಾಗಿ ಉಳ್ಳವು. ಅದರ ಯಾವ ಆವೃತ್ತಿ ಎಲ್ಲಿಯ ತನಕ ನಡೆಯಬೇಕೆಂಬ ತೀರ್ಮಾನವು ನಾವು ಮಾಡಿದ ಲೆಕ್ಕವನ್ನು ಇನ್ನೊಬ್ಬರು ಮತ್ತೆ ಮಾಡಿ ನೋಡಲು ಸಾಧ್ಯವೇ ಎಂಬ ಪ್ರಶ್ನೆಯನ್ನೂ ಒಳಗೊಂಡಿದೆ.

ಮೊದಲು ಸಮಸ್ಯೆಯ ಸ್ವರೂಪವನ್ನು ಹೇಳಬೇಕು. ಒಂದು ತಂತ್ರಾಂಶವು ತನಗೆ ಬೇಕಾದುದೆಲ್ಲವನ್ನೂ ತಾನೇ ಮಾಡಿಕೊಳ್ಳುವುದಿಲ್ಲ. ಅನ್ಯರು ರಚಿಸಿದ ಆಧಾರತಂತ್ರಾಂಶಗಳನ್ನು ಅವಲಂಬಿಸುತ್ತದೆ. ಈ ಆಧಾರಗಳಾದರೋ ಒಂದೇ ರೂಪದಲ್ಲಿ ನಿಲ್ಲುವುವಲ್ಲ. ಹೊಸ ಆವೃತ್ತಿ ಬಂದ ಮಾತ್ರಕ್ಕೆ ಹಳೆಯದನ್ನು ಬಳಸುವವರು ಇಲ್ಲವಾಗುವುದೂ ಇಲ್ಲ. ಹೀಗಿರುವಲ್ಲಿ, ತನ್ನ ತಂತ್ರಾಂಶ ಯಾವ ಯಾವ ಆವೃತ್ತಿಗಳೊಡನೆ ಸರಿಯಾಗಿ ನಡೆಯುವುದೆಂದು ನಿರ್ವಾಹಕನು ಪರೀಕ್ಷಿಸಿ ನೋಡಬೇಕು? ಎಲ್ಲವನ್ನೂ ಎಂಬ ಉತ್ತರ ಸುಲಭವಾದುದು, ಆದರೆ ಅಸಾಧ್ಯವಾದುದು. ಪೈಥಾನಿನ ನಾಲ್ಕು ಆವೃತ್ತಿ, ನಂಪೈಯ ನಾಲ್ಕು, ಗಣಕವ್ಯವಸ್ಥೆಗಳು ಮೂರು ಎಂದಿಟ್ಟುಕೊಂಡರೆ 48 ಜೋಡಣೆಗಳಾದುವು. ಇನ್ನೊಂದು ಆಧಾರವು ತನ್ನ ನಾಲ್ಕು ಆವೃತ್ತಿಗಳೊಡನೆ ಸೇರಿತೆಂದರೆ 192. ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿಯುವ ಮಂದಿಯ ಕೆಲಸವಿದು ಎಂಬುದನ್ನು ಮರೆಯಲಾಗದು.

ಈ ಪತ್ರ ಹುಟ್ಟಿದ ಸಂದರ್ಭವೂ ಗಮನಾರ್ಹ. ಪೈಥಾನ್ 3.0 ಹೊರಬಂದುದು 2008ರ ಡಿಸೆಂಬರಿನಲ್ಲಿ. ಅದರೊಡನೆ ಹೊಂದಿಕೆಯಾಗದ ಹಳೆಯ ಶಾಖೆಯ ಕೊನೆಯ ಆವೃತ್ತಿ 2.7 ಬಂದುದು 2010ರ ಜುಲೈಯಲ್ಲಿ. ಇದಕ್ಕೆ 2015ರಲ್ಲಿ ಮುಕ್ತಾಯವೆಂದಿದ್ದುದನ್ನು 2014ರಲ್ಲಿ 2020ರವರೆಗೆ ಮುಂದಕ್ಕೆ ಹಾಕಿದರು. ಒಂದು ದಶಕಕ್ಕೂ ಮೀರಿದ ಕಾಲ ಪ್ರತಿಯೊಂದು ಯೋಜನೆಯೂ ಎರಡು ದೋಣಿಗಳಲ್ಲಿ ಕಾಲಿಟ್ಟು ಸಾಗಬೇಕಾಯಿತು. 2019ರ ಜನವರಿಯಲ್ಲಿ ಬಂದ ನಂಪೈ 1.16 ಹಳೆಯ ಶಾಖೆಗೆ ಒದಗಿದ ಕಡೆಯ ಸರಣಿ. ಆ ಹೊರೆ ಇಳಿಯುತ್ತಿದ್ದಂತೆಯೇ ಮುಂದಿನ ಪ್ರಶ್ನೆ ಎದ್ದಿತು: ಹೊಸ ಶಾಖೆಯೊಳಗೆ 3.5, 3.6 ಮೊದಲಾದುವನ್ನು ಯಾವಾಗ ಬಿಡುವುದು? ಪ್ರತಿ ಯೋಜನೆಯೂ ಪ್ರತಿ ಸಲವೂ ಮೊದಲಿನಿಂದ ಚರ್ಚೆಗೆ ಕೂರಬೇಕೆ?

ಪತ್ರದ ಉತ್ತರ ಸಂಕ್ಷಿಪ್ತವಾದುದು. ಯೋಜನೆಯೊಂದು ತನ್ನ ಹೊಸ ಆವೃತ್ತಿಯನ್ನು ಹೊರಡಿಸುವ ದಿನದಿಂದ ಹಿಂದಕ್ಕೆ ಎಣಿಸಿ, 42 ತಿಂಗಳೊಳಗೆ ಬಂದ ಪೈಥಾನ್ ಆವೃತ್ತಿಗಳನ್ನೂ 24 ತಿಂಗಳೊಳಗೆ ಬಂದ ನಂಪೈ ಆವೃತ್ತಿಗಳನ್ನೂ ಬೆಂಬಲಿಸಬೇಕು; ಮೊದಲನೆಯದರಲ್ಲಿ ಎರಡಕ್ಕೆ, ಎರಡನೆಯದರಲ್ಲಿ ಮೂರಕ್ಕೆ ಕಡಿಮೆಯಾಗಬಾರದು. ಸಣ್ಣ ತಿದ್ದುಪಡಿಯ ಬಿಡುಗಡೆಯಲ್ಲಿ ಈ ಕೆಳಮಿತಿಯನ್ನು ಏರಿಸಕೂಡದು. ಪೈಥಾನ್ ತಾನೇ ಕಾಪಾಡುವ ಎಲ್ಲ ಆವೃತ್ತಿಗಳನ್ನೂ ಬೆಂಬಲಿಸುವ ಮಾರ್ಗವನ್ನು ಪತ್ರವು ಕೈಬಿಡುತ್ತದೆ. ಭಾಷೆಯಲ್ಲಿ ಬಂದ ಹೊಸ ಸೌಕರ್ಯವನ್ನು ಬಳಸಲು ನಾಲ್ಕು ವರ್ಷ ಕಾಯಬೇಕಾಗುವುದೆಂಬುದು ಅದರ ಮುಖ್ಯ ಕಾರಣ. ಲಿನಕ್ಸ್ ವಿತರಣೆಗಳನ್ನು ಅನುಸರಿಸುವುದನ್ನೂ, ಯೋಜನೆಯ ಹಿಡಿತ ಹೊರಗಿನವರ ಪಾಲಾಗುವುದೆಂದು, ತಿರಸ್ಕರಿಸುತ್ತದೆ.

ಕಾಲವನ್ನು ಅಳತೆಗೋಲಾಗಿ ಹಿಡಿದುದು ಈ ಪತ್ರದ ದೊಡ್ಡ ಗುಣವೆಂದು ನಾವು ಭಾವಿಸುತ್ತೇವೆ. ‘ಕಡೆಯ ಮೂರು ಆವೃತ್ತಿಗಳು’ ಎಂದು ಎಣಿಸುವುದು ಶಾಸನಗಳಲ್ಲಿ ರಾಜ್ಯವರ್ಷ ಹೇಳಿದಂತೆ. ಯಾವ ಅರಸು ಎಷ್ಟು ಕಾಲ ಆಳಿದನೆಂಬುದು ತಿಳಿಯದೆ ಅದರಿಂದ ನಿಶ್ಚಿತ ಕಾಲ ಹೊರಡದು. ತಿಂಗಳುಗಳಲ್ಲಿ ಎಣಿಸುವುದು ಶಕವರ್ಷದಂತೆ. ಯಾರು ಬೇಕಾದರೂ ಲೆಕ್ಕ ಹಾಕಬಹುದು, ಮುಂದಿನದನ್ನೂ ಹೇಳಬಹುದು. ಪೈಥಾನ್ 3.8 ಬಂದುದು 2019ರ ಅಕ್ಟೋಬರ್ 14ರಂದು. ಆದಕಾರಣ ಅದನ್ನು ಬಿಡಬಹುದಾದ ದಿನ 2023ರ ಏಪ್ರಿಲ್ 14. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಯಾರ ಒತ್ತಾಯಕ್ಕೂ ಬಗ್ಗದ ಇಂಥ ತಾರೀಖು, ದುರ್ಬಲ ಯೋಜನೆಗಳಿಗೆ ವಿಶೇಷವಾಗಿ, ಒಂದು ರಕ್ಷೆ.

ಆದರೆ 42 ಎಂಬ ಅಂಕಿಯನ್ನು ಪರಿಶೀಲಿಸಿದರೆ ಸಂದೇಹ ಹುಟ್ಟುತ್ತದೆ. ಆಗ ಪೈಥಾನಿನ ಆವೃತ್ತಿಗಳು ಸುಮಾರು 18 ತಿಂಗಳಿಗೊಂದರಂತೆ ಬರುತ್ತಿದ್ದುವು. ಎರಡು ಬಿಡುಗಡೆಗಳಿಗೆ 36, ವಿಳಂಬಕ್ಕೆಂದು ಇನ್ನಾರು, ಒಟ್ಟು 42. ಲೆಕ್ಕ ಸರಿಯೇ. ಅದೇ 2019ರಲ್ಲಿ ಪೈಥಾನಿನವರು ವರ್ಷಕ್ಕೊಂದು ಆವೃತ್ತಿಯೆಂಬ ಹೊಸ ಕ್ರಮವನ್ನು ಅಂಗೀಕರಿಸಿದರು. 2020ರ ಅಕ್ಟೋಬರಿನಲ್ಲಿ ಬಂದ 3.9ರಿಂದ ಅದು ಆಚರಣೆಗೆ ಬಂದಿತು. ಪತ್ರದ ತರ್ಕವನ್ನೇ ಹಿಡಿದು ಹೊರಟರೆ 24ಕ್ಕೆ ಆರು ಸೇರಿ 30 ತಿಂಗಳಷ್ಟೇ ಸಾಕಾಗುತ್ತಿತ್ತು. ಆಧಾರ ಅಳಿದ ಮೇಲೂ ಅಂಕಿ ಉಳಿಯಿತು. ಅನಂತರ ಇದರ ಸ್ಥಾನಕ್ಕೆ ಬಂದ ‘ಸ್ಪೆಕ್ 0’ ಎಂಬ ಸೂತ್ರದಲ್ಲಿ ಪೈಥಾನಿಗೆ ಮೂರು ವರ್ಷ, ಮುಖ್ಯ ಆಧಾರಗಳಿಗೆ ಎರಡು ವರ್ಷ ಎಂದು ನಿಯಮವನ್ನು ಸರಳಗೊಳಿಸಿರುವುದು ಉಚಿತವೇ ಸರಿ.

ಬಳಕೆದಾರನ ಕಡೆಯಿಂದ ನೋಡಿದರೆ ಚಿತ್ರ ಬದಲಾಗುತ್ತದೆ. ಮೇಲೆ ಹೇಳಿದ 3.8ಕ್ಕೆ ಪೈಥಾನಿನವರೇ 2024ರ ಅಕ್ಟೋಬರಿನವರೆಗೆ ರಕ್ಷಣೆ ಒದಗಿಸಿದರು. ಪತ್ರದ ಪ್ರಕಾರ ಅದನ್ನು ಬಿಡುವುದು ಅದಕ್ಕೆ ಸುಮಾರು 18 ತಿಂಗಳು ಮೊದಲು. ಹೊಸ ಸೂತ್ರದ ಪ್ರಕಾರ ಎರಡು ವರ್ಷ ಮೊದಲು. ಹಳೆಯ ಯಂತ್ರ, ಅಪರೂಪಕ್ಕೊಮ್ಮೆ ಬಂದು ಹೋಗುವ ತಂತ್ರಜ್ಞ, ಇವನ್ನು ನೆಚ್ಚಿಕೊಂಡ ಸಣ್ಣ ವಿಭಾಗಗಳಿಗೆ ಈ ಅಂತರ ಬರಿಯ ಅಂಕಿಯಲ್ಲ. ಆದರೂ ಅವರನ್ನು ಬೀದಿಗೆ ತಳ್ಳಿದಂತಾಯಿತೆಂದು ಹೇಳುವುದು ಅತಿಶಯೋಕ್ತಿ. ಯಾವ ಪೈಥಾನ್ ಬೇಕೆಂದು ಪ್ರತಿಯೊಂದು ತಂತ್ರಾಂಶವೂ ಘೋಷಿಸಬಹುದು. 2016ರಲ್ಲಿ ಬಂದ ಪಿಪ್ 9.0ರಿಂದೀಚೆಗೆ ಸ್ಥಾಪಕಸಾಧನವು ಆ ಘೋಷಣೆಯನ್ನು ಓದಿ, ಹಳೆಯ ಪೈಥಾನ್ ಇರುವವರಿಗೆ ಅದಕ್ಕೊಪ್ಪುವ ಹಿಂದಿನ ಆವೃತ್ತಿಯನ್ನೇ ತಂದುಕೊಡುತ್ತದೆ. ಅವರು ಕಳೆದುಕೊಳ್ಳುವುದು ಹೊಸ ತಿದ್ದುಪಡಿಗಳನ್ನು ಮಾತ್ರ. ನಷ್ಟ ಉಂಟು, ಆದರೆ ಅದನ್ನು ನಿರ್ವಾಹಕರ ಬೆನ್ನ ಮೇಲೆ ಹೊರಿಸುವ ನ್ಯಾಯ ನಮಗೆ ಕಾಣದು.

ನಮ್ಮ ಮುಖ್ಯ ಆಕ್ಷೇಪ ಬೇರೆಯದು. ‘ಬೆಂಬಲ’ ಎಂಬ ಮಾತಿಗೂ ‘ಪರೀಕ್ಷೆ’ ಎಂಬ ಮಾತಿಗೂ ನಡುವಣ ಬಿರುಕನ್ನು ಪತ್ರವು ಅರ್ಧ ಮಾತ್ರ ಮುಚ್ಚಿದೆ. ಬೆಂಬಲಿತ ಪೈಥಾನ್ ಆವೃತ್ತಿಗಳೆಲ್ಲ ಪರೀಕ್ಷಾಪಟ್ಟಿಯಲ್ಲಿರಬೇಕೆಂದು ಅದು ಹೇಳುತ್ತದೆ. ಆಧಾರಗಳ ಪರಸ್ಪರ ಜೋಡಣೆಯ ವಿಷಯದಲ್ಲಿ ಆ ಸ್ಪಷ್ಟತೆಯಿಲ್ಲ. ಸ್ಥಾಪಕಸಾಧನವು ಬೇರೆ ಆಜ್ಞೆಯಿಲ್ಲದಿದ್ದಲ್ಲಿ ಒಪ್ಪುವ ಆವೃತ್ತಿಗಳಲ್ಲಿ ಹೊಸದನ್ನೇ ಆರಿಸುತ್ತದೆ. ಆದ್ದರಿಂದ ಪರೀಕ್ಷೆಗಳು ದಿನವೂ ತೇರ್ಗಡೆಯಾಗುತ್ತಿದ್ದರೂ ಅವೆಲ್ಲ ಹೊಸ ನಂಪೈಯೊಡನೆ ನಡೆದುವೇ. ‘ಇಂಥದಕ್ಕಿಂತ ಹಳೆಯದಾಗಿರಬಾರದು’ ಎಂದು ಬರೆದ ಆ ಕೆಳಗಿನ ಆವೃತ್ತಿಯನ್ನು ಯಾರೂ ಮುಟ್ಟಿರುವುದಿಲ್ಲ. ಅಷ್ಟರಲ್ಲಿ ಯಾರೋ ಹೊಸ ನಂಪೈಯಲ್ಲಷ್ಟೇ ಇರುವ ಕ್ರಿಯೆಯೊಂದನ್ನು ಬಳಸಿರುತ್ತಾರೆ. ಘೋಷಣೆ ಸುಳ್ಳಾಗಿರುತ್ತದೆ, ಸದ್ದಿಲ್ಲದೆ. ಕಾಣದ ಪ್ರತಿಯ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಸಂಪಾದಕನನ್ನು ನಾವು ಏನೆನ್ನುತ್ತೇವೋ ಇಲ್ಲಿಯೂ ಅದನ್ನೇ ಅನ್ನಬೇಕು. 48 ಜೋಡಣೆಗಳೂ ಬೇಡ. ಘೋಷಿಸಿದ ಅತ್ಯಂತ ಹಳೆಯ ಆಧಾರಗಳನ್ನೆಲ್ಲ ಅತ್ಯಂತ ಹಳೆಯ ಪೈಥಾನಿನೊಡನೆ ಕೂಡಿಸಿದ ಒಂದು ಪರೀಕ್ಷೆ ಅವಶ್ಯವಾಗಿ ಇರಲಿ; ಸೈಕಿಟ್-ಲರ್ನ್ ಮೊದಲಾದ ಯೋಜನೆಗಳು ಕನಿಷ್ಠ ಆವೃತ್ತಿಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ನಡೆಸುತ್ತಿವೆ. ನಡುವಣ ಆವೃತ್ತಿಗಳಲ್ಲಿ ಪೈಥಾನಿಗೆ ಒಂದೊಂದು ಜೋಡಣೆ ಸಾಕು. ದೋಷಗಳು ಹೆಚ್ಚಾಗಿ ಅಂಚುಗಳಲ್ಲಿ ಹೊರಬೀಳುವುವು.

ಮೇಲಣ ಅಂಚನ್ನು ಮರೆತರೆ ಏನಾದೀತೆಂಬುದಕ್ಕೆ 2024ರ ಜೂನ್ 16 ಸಾಕ್ಷಿ. ಅಂದು ನಂಪೈ 2.0 ಹೊರಬಂದಿತು, 2006ರ 1.0ರ ಅನಂತರ ಮೊದಲ ಮಹಾವೃತ್ತಿ. 1ರ ಸರಣಿಗೆಂದು ಸಂಕಲಿಸಿದ ಯಂತ್ರರೂಪದ ಭಾಗಗಳು ಇದರೊಡನೆ ನಡೆಯುವಂತಿರಲಿಲ್ಲ. ಮೇಲ್ಮಿತಿ ಘೋಷಿಸದೆ, ಮುಂಚೆಯೇ ಹೊರಟಿದ್ದ ಪ್ರಯೋಗಾವೃತ್ತಿಗಳ ಮೇಲೆ ಪರೀಕ್ಷೆಯನ್ನೂ ನಡೆಸದೆ ಇದ್ದ ಯೋಜನೆಗಳು ಬಳಕೆದಾರರ ಕೈಯಲ್ಲಿ ಮುರಿದುವು. ಪ್ರಯೋಗಾವೃತ್ತಿಗಳನ್ನು ಪರೀಕ್ಷಿಸಿದವರಿಗೆ ಸಿದ್ಧತೆಗೆ ಕಾಲ ಸಿಕ್ಕಿತು, 2.0ರಲ್ಲಿ ಸಂಕಲಿಸಿದುದು 1ರ ಸರಣಿಯ ಈಚಿನ ಆವೃತ್ತಿಗಳಲ್ಲಿಯೂ ನಡೆಯುವಂತೆ ನಂಪೈಯವರು ವ್ಯವಸ್ಥೆ ಮಾಡಿದ್ದರಿಂದ ಒಂದೇ ಸಂಕಲನ ಎರಡಕ್ಕೂ ಒದಗಿತು. ಹಿಂದಕ್ಕೆ ಎಣಿಸುವ ಯಾವ ಕಾಲಾವಧಿಯೂ, 42 ಆಗಲಿ 36 ಆಗಲಿ, ಇಂಥದನ್ನು ಕಾಣಲಾರದು. ಹಳೆಯದನ್ನು ಬಿಡಬೇಕಾದ ತಾರೀಖುಗಳ ಕೋಷ್ಟಕವೊಂದು ಪತ್ರದಲ್ಲಿದೆ. ಪರೀಕ್ಷಿಸಲೇಬೇಕಾದ ಜೋಡಣೆಗಳ ಕೋಷ್ಟಕವೂ, ಇನ್ನೂ ಹೊರಬಾರದ ಆವೃತ್ತಿಗೊಂದು ಸಾಲಿನೊಡನೆ, ಅದರ ಪಕ್ಕದಲ್ಲಿ ಇರಬೇಕಾಗಿತ್ತು.