ಕಸುಬುಗಾರಿಕೆ ಕೀಳು ಮಾತೇ?

ಕನ್ನಡದ ಪುಸ್ತಕ ವಿಮರ್ಶೆಗಳನ್ನು ಓದುವ ಅಭ್ಯಾಸ ನಿಮಗಿದ್ದರೆ ಇಂಥ ಮಾತು ಕಣ್ಣಿಗೆ ಬಿದ್ದೇ ಇರುತ್ತದೆ: ಕಥೆಯಲ್ಲಿ ಕಸುಬುಗಾರಿಕೆ ಇದೆ, ಆದರೆ ಜೀವ ಇಲ್ಲ. ಹೊಗಳಿಕೆಯಂತೆ ಶುರುವಾಗಿ ತೆಗಳಿಕೆಯಲ್ಲಿ ಮುಗಿಯುವ ಮಾತಿದು. ಕಲೆ ಮೇಲೆ, ಕಸುಬು ಕೆಳಗೆ ಎಂಬ ಲೆಕ್ಕ ಇದರೊಳಗಿದೆ. ಈ ಲೆಕ್ಕ ಸರಿಯೇ?

ಮೊದಲು ಪದವನ್ನೇ ನೋಡೋಣ. ಕಸುಬು ನಮಗೆ ಬಂದದ್ದು ಅರಬಿಯ 'ಕಸ್ಬ್'ನಿಂದ. ಕಸ್ಬ್ ಎಂದರೆ ಗಳಿಕೆ. ಉರ್ದು ಮನೆಮಾತಿನವರಿಗೆ 'ಕಸ್ಬೆ ಹಲಾಲ್' ಗೊತ್ತು, ಅಂದರೆ ನ್ಯಾಯವಾದ ಸಂಪಾದನೆ. 'ಕಸ್ಬೆ ಕಮಾಲ್' ಎಂದರೆ ಪರಿಣತಿ ಗಳಿಸುವುದು. ಅನ್ನವನ್ನೂ ವಿದ್ಯೆಯನ್ನೂ ಒಂದೇ ಪದ ಹೊತ್ತಿದೆ. ಕನ್ನಡದಲ್ಲೂ ಕಸುಬುದಾರ ಎಂದರೆ ಕೈ ಪಳಗಿದವನು, ಆ ಕೈಯಿಂದಲೇ ಹೊಟ್ಟೆ ಹೊರೆಯುವವನು. ಎರಡನ್ನೂ ಬೇರೆ ಮಾಡಿದ್ದು ನಾವು, ಓದಿದವರು.

ಹೀಗೆ ಬೇರೆ ಮಾಡಿದಾಗ ಏನು ಕಳೆದುಹೋಗುತ್ತದೆ ಎಂದು ತಿಳಿಯಲು ಚೆನ್ನೈಯ ಒಂದು ಉದಾಹರಣೆ ಸಾಕು. ಟ್ರಿಪ್ಲಿಕೇನ್‌ನಲ್ಲಿ, ವಾಲಾಜಾ ಮಸೀದಿಯ ಹತ್ತಿರ, 1927ರಲ್ಲಿ ಸೈಯದ್ ಅಜ್ಮತುಲ್ಲಾ ಅವರು 'ದಿ ಮುಸಲ್ಮಾನ್' ಎಂಬ ಉರ್ದು ದಿನಪತ್ರಿಕೆ ಶುರು ಮಾಡಿದರು. ಕಂಪ್ಯೂಟರ್ ಬಂದ ಮೇಲೂ ಅದರ ನಾಲ್ಕು ಪುಟಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. ಬರೆದ ಹಾಳೆಯ ನೆಗೆಟಿವ್ ತೆಗೆದು, ಪ್ಲೇಟ್ ಮಾಡಿ, ಮುದ್ರಿಸುತ್ತಿದ್ದರು.

ಇದನ್ನು 'ಕೈಬರಹದ ಪತ್ರಿಕೆ' ಎಂದುಬಿಡುತ್ತೇವೆ. ಕೈಬರಹ ಎಲ್ಲರಿಗೂ ಇದೆ. ಡಾಕ್ಟರ ಚೀಟಿಯೂ ಕೈಬರಹವೇ. ಕಾತಿಬರದು ಕಿತಾಬತ್. ನಸ್ತಾಲೀಖ್ ಲಿಪಿಯಲ್ಲಿ ಅಕ್ಷರದ ಎತ್ತರ, ಬಾಗು ಎಲ್ಲಕ್ಕೂ ಅಳತೆ ಉಂಟು. ಕಲಮಿನ ಮೊನೆಯ ಅಗಲದಷ್ಟು ಒಂದು ಚುಕ್ಕಿ, ಅದೇ ಅಳತೆಗೋಲು. ಸಾಲು ತುಂಬದಿದ್ದರೆ ಯಾವ ಅಕ್ಷರವನ್ನು ಎಷ್ಟು ಎಳೆಯಬಹುದು ಎಂಬುದಕ್ಕೂ ನಿಯಮವಿದೆ. ಒಂದು ಪುಟಕ್ಕೆ ಸುಮಾರು ಮೂರು ಗಂಟೆ, ಅದೂ ಪ್ರೆಸ್ಸಿನ ಹೊತ್ತಿಗೆ ಸರಿಯಾಗಿ.

ಇನ್ನು ಕೆಲವರು ಇದನ್ನು 'ಅಳಿವಿನಂಚಿನ ಕಲೆ' ಎಂದು ಕೊಂಡಾಡುತ್ತಾರೆ. ಕೇಳಲು ಚೆಂದ. ಆದರೆ ಕಲೆ ಎಂದ ಕೂಡಲೇ ನಾವು ಚಪ್ಪಾಳೆ ತಟ್ಟುತ್ತೇವೆ, ಸಂಬಳ ಎಷ್ಟು ಅಂತ ಕೇಳುವುದಿಲ್ಲ. 2007ರ ಒಂದು ವರದಿಯ ಪ್ರಕಾರ ಅಲ್ಲಿ ಪುಟವೊಂದಕ್ಕೆ ಸಿಗುತ್ತಿದ್ದದ್ದು 60 ರೂಪಾಯಿ. ಕಸುಬು ಎಂದಿದ್ದರೆ ಈ ಪ್ರಶ್ನೆ ಮೊದಲೇ ಬರುತ್ತಿತ್ತು, ಯಾಕೆಂದರೆ ಗಳಿಕೆ ಆ ಪದದ ಹೊಟ್ಟೆಯಲ್ಲೇ ಇದೆ.

ಇನ್ನೊಂದು ಮಾತು. ಆಗ ಅಲ್ಲಿದ್ದ ಕಾತಿಬರಲ್ಲಿ ಇಬ್ಬರು ಮಹಿಳೆಯರು. ಇದೇ ಕಸ್ಬ್‌ನಿಂದ ಹುಟ್ಟಿದ 'ಕಸಬಿ' ಎಂಬ ಪದ ಉರ್ದುವಿನಲ್ಲೂ ಕನ್ನಡದಲ್ಲೂ ಹೆಣ್ಣಿಗೆ ಬೈಗುಳವಾಗಿದೆ ಎಂಬುದನ್ನು ನೆನಪಿಸಿಕೊಳ್ಳಿ. ಗಂಡು ಗಳಿಸಿದರೆ ಕಸುಬುದಾರ, ಹೆಣ್ಣು ಗಳಿಸಿದರೆ ಕಸಬಿ! ಭಾಷೆ ಹೀಗೆ ಪಕ್ಷಪಾತ ಮಾಡಿದೆ. ಕಲಮು ಹಿಡಿದು ಮನೆ ನಡೆಸಿದ ಆ ಇಬ್ಬರು ಯಾವ ನಿಘಂಟಿಗೂ ಕಾಯದೆ ಆ ಪದದ ಮರ್ಯಾದೆಯನ್ನು ವಾಪಸು ತಂದರು ಎಂದೇ ನಾನು ತಿಳಿಯುತ್ತೇನೆ.

ಯಂತ್ರ ಬಂತಲ್ಲ, ಇನ್ನು ಈ ಮಾತೆಲ್ಲ ಯಾಕೆ ಎನ್ನಬಹುದು ನೀವು. 1981ರಲ್ಲಿ ಬಂದ ನೂರಿ ನಸ್ತಾಲೀಖ್ ಎಂಬ ಅಚ್ಚಕ್ಷರಕ್ಕಾಗಿ ಮಿರ್ಜಾ ಅಹ್ಮದ್ ಜಮೀಲ್ ಅವರು ಸಾವಿರಾರು ಅಕ್ಷರಜೋಡಣೆಗಳನ್ನು ಕೈಯಲ್ಲೇ ಬರೆದರು. ಆ ಪರದೆಯ ಅಕ್ಷರದ ಹಿಂದೆಯೂ ಕಸುಬುದಾರನ ಕೈ ಇದೆ.

ಈಗ ಮೊದಲಿನ ವಿಮರ್ಶೆಗೆ ಬರೋಣ. ಜೀವವಿಲ್ಲದ ಕಥೆಗಳಿವೆ, ಒಪ್ಪುತ್ತೇನೆ. ಅದಕ್ಕೆ ಕಸುಬನ್ನು ದೂರಬೇಡಿ. ಎರವಲು ಭಾವನೆ, ಸವೆದ ಮಾತು, ಅವಸರ ಇವೆಲ್ಲ ಕಸುಬು ಕಡಿಮೆಯಾದಾಗ ಬರುವ ರೋಗಗಳು. ಒಂದು ತಪ್ಪಾದರೆ ಇಡೀ ಪುಟವನ್ನೇ ಮತ್ತೆ ಬರೆಯುವ ಕಾತಿಬನ ತಾಳ್ಮೆ ನಮ್ಮ ಬರಹಗಾರರಲ್ಲಿ ಎಷ್ಟು ಜನರಿಗಿದೆ? ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೆ: ನಿಮ್ಮ ಬರಹ ನೋಡಿ ಯಾರಾದರೂ 'ಒಳ್ಳೆಯ ಕಸುಬು' ಎಂದರೆ ಬೇಜಾರಾಗಬೇಡಿ. ನಿಮ್ಮ ದುಡಿಮೆಯನ್ನು ಅವರು ಗುರುತಿಸಿದ್ದಾರೆ.