ಪ್ರಾಯಶ್ಚಿತ್ತದಿಂದ ಪ್ರಸಾದಕ್ಕೆ : ಬಸವಣ್ಣನವರ ವಚನಗಳಲ್ಲಿ ದಂಡ ಮತ್ತು ಕ್ಷಮೆ

ಕಟ್ಟುನಿಟ್ಟಾದ ಧರ್ಮವೊಂದನ್ನು ತೊರೆದು ಬಂದವನು ಅಲ್ಲಿ ಬಿಟ್ಟುಬಂದದ್ದೇನು, ತನಗರಿಯದೆಯೆ ಹೊತ್ತುತಂದದ್ದೇನು ಎಂಬ ಪ್ರಶ್ನೆ ಧರ್ಮಜಿಜ್ಞಾಸುಗಳಿಗೆ ಎಷ್ಟು ಮುಖ್ಯವೋ ಸಾಹಿತ್ಯಾಭ್ಯಾಸಿಗಳಿಗೂ ಅಷ್ಟೇ ಮುಖ್ಯವಾದುದು. ಬಸವಣ್ಣನವರು ಜನ್ನಿವಾರವನ್ನು ತ್ಯಜಿಸಿ ಸಂಗಮಕ್ಕೆ ಬಂದ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಒಂದು ವಿಜಯದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ಅದು ವಿಜಯವೇ ಸರಿ. ಆದರೆ ಆಚಾರವನ್ನು ಒಂದು ದಿನದಲ್ಲಿ ಬಿಡಬಹುದು. ಆ ಆಚಾರವು ಚಿತ್ತದಲ್ಲಿ ನೆಟ್ಟ ಪಾಪಭೀತಿಯನ್ನೂ ಶಿಕ್ಷೆಯ ಕಲ್ಪನೆಯನ್ನೂ ಒಂದು ದಿನದಲ್ಲಿ ಬಿಡಲಾಗದು. ಅವನ್ನು ಒಂದೊಂದಾಗಿ ಹೊರಗೆಳೆದು, ನೋಡಿ, ಮತ್ತೆ ಅರ್ಥೈಸಬೇಕಾಗುತ್ತದೆ. ಬಸವಣ್ಣನವರ ವಚನಗಳ ಬಹುಭಾಗವನ್ನು ಇಂತಹ ಮರುಚಿಂತನೆಯ ದಾಖಲೆಯಾಗಿ ಓದಬಹುದೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

ಬಸವಣ್ಣನವರು ತೊರೆದ ಧರ್ಮದ ಸ್ವರೂಪವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಅವರಿಗಿಂತ ಸುಮಾರು ಎರಡು ತಲೆಮಾರುಗಳ ಹಿಂದೆ, ಅದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಕಲ್ಯಾಣದಂತಹ ನಗರವಿಲ್ಲ, ವಿಕ್ರಮನಂತಹ ಅರಸನಿಲ್ಲ ಎಂದು ಆತ ಹೆಮ್ಮೆಪಟ್ಟಿದ್ದಾನೆ. ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರು ಅಧ್ಯಾಯಗಳ ಈ ಗ್ರಂಥದ ದಾಯಭಾಗವನ್ನು ನ್ಯಾಯಾಲಯಗಳು ಶತಮಾನಗಳ ಕಾಲ ಆಧರಿಸಿದ್ದರಿಂದ ಅದರ ಹೆಸರು ಎಲ್ಲರಿಗೂ ಗೊತ್ತು. ಮೂರನೆಯದಾದ ಪ್ರಾಯಶ್ಚಿತ್ತಾಧ್ಯಾಯವನ್ನು ವಚನಾಭ್ಯಾಸಿಗಳು ಓದುವುದು ವಿರಳ. ಓದಬೇಕಾದುದು ಅದನ್ನೇ.

ಅಲ್ಲಿ ಪಾಪಗಳಿಗೆ ಶ್ರೇಣಿಯುಂಟು. ಬ್ರಹ್ಮಹತ್ಯೆ, ಸುರಾಪಾನ, ಸುವರ್ಣಸ್ತೇಯ, ಗುರುತಲ್ಪಗಮನ, ಈ ನಾಲ್ವರೊಡನೆ ಸಂಸರ್ಗ ಎಂಬಿವು ಪಂಚಮಹಾಪಾತಕಗಳು. ಒಂದೊಂದಕ್ಕೂ ಕಾಲಾವಧಿ, ವ್ರತ, ದಾನಗಳ ನಿಯಮವುಂಟು. ಮಾಡಿದವನ ವರ್ಣವನ್ನೂ ಹಾನಿಗೊಳಗಾದವನ ವರ್ಣವನ್ನೂ ನೋಡಿ ಹೆಚ್ಚುಕಡಿಮೆ ಮಾಡುವ ಲೆಕ್ಕವುಂಟು. ಇಲ್ಲಿ ತೀರದ ಪಾಪ ಮುಂದಿನ ಜನ್ಮದಲ್ಲಿ ದೇಹದ ಮೇಲೆ ಬರೆದುಕೊಂಡು ಬರುತ್ತದೆ: ಬ್ರಹ್ಮಘಾತಿಗೆ ಕ್ಷಯ, ಕುಡುಕನಿಗೆ ಕಪ್ಪು ಹಲ್ಲು, ಹೊನ್ನು ಕದ್ದವನಿಗೆ ವಿಕಾರವಾದ ಉಗುರು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವಂತೂ ಕುದುರೆ ಕದ್ದವನು ಹೆಳವನಾಗುವನೆಂದೂ, ಕುರುಡರು, ಕಿವುಡರು, ಮೂಗರು ತಮ್ಮ ಪೂರ್ವಕರ್ಮದ ಶೇಷದಿಂದಲೇ ಹಾಗೆ ಹುಟ್ಟುವರೆಂದೂ ಹೇಳುತ್ತದೆ. ಅಂದರೆ ಬೀದಿಯಲ್ಲಿ ಕಾಣುವ ಪ್ರತಿಯೊಬ್ಬ ಅಂಗವಿಕಲನೂ ಒಂದು ತೀರ್ಪಿನ ಪ್ರತಿ.

ಈ ವ್ಯವಸ್ಥೆಯನ್ನು ಕೇವಲ ಕ್ರೂರವೆಂದು ತಳ್ಳಿಹಾಕುವುದು ವಿಮರ್ಶೆಯಾಗದು. ಪತಿತನಾದವನು ಮರಳಿ ಬರಲು ಒಂದು ದಾರಿಯಿರಲಿ ಎಂಬ ಕಾಳಜಿಯಿಂದಲೇ ಪ್ರಾಯಶ್ಚಿತ್ತ ಹುಟ್ಟಿತು. ಮನುವು ಪಾಪವಿಮೋಚನೆಯ ಸಾಧನಗಳನ್ನು ಎಣಿಸುವಾಗ ಖ್ಯಾಪನ, ಎಂದರೆ ಮಾಡಿದ್ದನ್ನು ಹತ್ತು ಜನರೆದುರು ಒಪ್ಪಿಕೊಳ್ಳುವುದು, ಮತ್ತು ಅನುತಾಪ ಇವೆರಡನ್ನು ಮೊದಲಿಗೇ ಹೇಳುತ್ತಾನೆ. ತಪಸ್ಸು, ಅಧ್ಯಯನ, ದಾನಗಳು ಅನಂತರ ಬರುತ್ತವೆ. ಈ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕು. ಬಸವಣ್ಣನವರು ಈ ಐದರಲ್ಲಿ ಯಾವುದನ್ನು ಉಳಿಸಿಕೊಂಡರು ಎಂಬುದರಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ.

೨

ಬಸವಣ್ಣನವರ ನಿರ್ಗಮನವನ್ನು ಕವಿಗಳು ಒಂದೇ ಬಗೆಯಾಗಿ ಹೇಳಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ ಅದನ್ನು ಅನುಸರಿಸಿದ ಭೀಮಕವಿಯ ಕನ್ನಡ ಬಸವಪುರಾಣವೂ (೧೩೬೯) ಬಾಲಕ ಬಸವ ಉಪನಯನವನ್ನೇ ನಿರಾಕರಿಸಿದನೆನ್ನುತ್ತವೆ. ಅವರಿಗಿಂತ ಹಿಂದಿನವನಾದ ಹರಿಹರನ ಬಸವರಾಜದೇವರ ರಗಳೆಯಲ್ಲಿ ಹಾಗಿಲ್ಲ. ಅಲ್ಲಿ ಉಪನಯನವಾಗುತ್ತದೆ, ಬಸವಣ್ಣ ಆ ಸೂತ್ರವನ್ನು ಧರಿಸಿಯೇ ಬೆಳೆಯುತ್ತಾನೆ, ಯೌವನದ ಹೊಸ್ತಿಲಲ್ಲಿ ಭಕ್ತಿಯೂ ಕರ್ಮವೂ ಜೊತೆಗೂಡಲಾರವೆಂದು ಕಂಡುಕೊಂಡು ಅದನ್ನು ಕಳೆದೊಗೆದು ಹೊರಡುತ್ತಾನೆ.

ಪುರಾಣದೃಷ್ಟಿಗೆ ಮೊದಲನೆಯ ಕಥೆ ಹೆಚ್ಚು ಭವ್ಯವಾಗಿ ಕಾಣಬಹುದು. ಕಾವ್ಯದೃಷ್ಟಿಗೂ ಮನಃಶಾಸ್ತ್ರದ ದೃಷ್ಟಿಗೂ ಹರಿಹರನದೇ ಹೆಚ್ಚು ಸತ್ಯ. ಹುಟ್ಟುವಾಗಲೇ ಮುಕ್ತನಾದವನಿಗೆ ಬಿಡಬೇಕಾದುದೇನಿದೆ? ವರ್ಷಗಟ್ಟಲೆ ಧರಿಸಿದ್ದನ್ನು ಕಿತ್ತೊಗೆಯುವವನಿಗೆ ಮಾತ್ರ ಅದರ ಗುರುತು ಮೈಮೇಲೆ ಉಳಿಯುತ್ತದೆ. ವಚನಗಳಲ್ಲಿ ಆ ಗುರುತು ಉಳಿದಿದೆ. ಹರಿಹರನ ಬಸವಣ್ಣನಿಗೆ ಸಂಗಮ ಶಾಂತಿಯ ತಾಣ. ಅದನ್ನು ಬಿಟ್ಟು ಬಿಜ್ಜಳನ ಮಂಗಳವಾಡಕ್ಕೆ ಹೋಗೆಂದು ದೇವರೇ ಹೇಳಿದಾಗ ಆತ ದುಃಖಿಸುತ್ತಾನೆ, ಬೇಡಿಕೊಳ್ಳುತ್ತಾನೆ. ದೈವಾಜ್ಞೆಯೆದುರು ತಲೆಬಾಗಿಸಿ ಸುಮ್ಮನಿರುವ ವಿಧೇಯತೆ ಇದಲ್ಲ; ತಂದೆಯೊಡನೆ ಮಗ ಹೂಡುವ ಜಗಳ. ವಿಶ್ವಾಸದ ಅರ್ಥವೇ ಇಲ್ಲಿ ಬದಲಾಗಿದೆ. ಲೆಕ್ಕ ತಪ್ಪುವುದಿಲ್ಲವೆಂಬ ನಂಬಿಕೆ ಹಿಂದಿನದು. ಕೈಬಿಡುವುದಿಲ್ಲವೆಂಬ ನಂಬಿಕೆ ಇಂದಿನದು.

೩

ಈಗ ವಚನಗಳಿಗೆ ಬರೋಣ. ಅತ್ತಿತ್ತ ಅಲೆಯದಂತೆ ತನ್ನನ್ನು ಹೆಳವನನ್ನಾಗಿಯೂ, ಸುತ್ತ ಸುಳಿದು ನೋಡದಂತೆ ಕುರುಡನನ್ನಾಗಿಯೂ, ಬೇರೊಂದನ್ನು ಕೇಳದಂತೆ ಕಿವುಡನನ್ನಾಗಿಯೂ ಮಾಡೆಂದು ಬಸವಣ್ಣನವರು ಬೇಡುವ ವಚನ ಪ್ರತಿಯೊಬ್ಬ ಭಕ್ತನ ಬಾಯಲ್ಲಿದೆ. ಅದನ್ನು ನಾವು ಇಂದ್ರಿಯನಿಗ್ರಹದ ಪ್ರಾರ್ಥನೆಯೆಂದು ವಿವರಿಸಿ ಮುಂದೆ ಹೋಗುತ್ತೇವೆ. ಆದರೆ ಮೇಲೆ ಹೇಳಿದ ಕರ್ಮವಿಪಾಕದ ಪಟ್ಟಿಯ ಪಕ್ಕದಲ್ಲಿ ಅದನ್ನಿಟ್ಟು ನೋಡಿದರೆ ಅದರ ಧೈರ್ಯ ಬೇರೆಯೇ ಆಗಿ ಕಾಣುತ್ತದೆ. ಹೆಳವತನ, ಕುರುಡುತನ, ಕಿವುಡುತನ ಈ ಮೂರೂ ಸ್ಮೃತಿಗಳಲ್ಲಿ ಪಾಪದ ದಂಡನೆಗಳು. ಆ ಮೂರನ್ನೇ ಬಸವಣ್ಣನವರು ವರವಾಗಿ ಕೇಳುತ್ತಾರೆ. ಶಿಕ್ಷೆಯೆಂದು ಯಾವುದಕ್ಕೆ ಲೋಕ ಹೆದರುತ್ತಿತ್ತೋ ಅದು ದೇವರ ಕೈಯಿಂದ ಬಂದರೆ ಪ್ರಸಾದ. ಅವರು ಸ್ಮೃತಿಯನ್ನು ಖಂಡಿಸಲಿಲ್ಲ. ಅದರ ಶಬ್ದಗಳನ್ನೇ ಎತ್ತಿಕೊಂಡು ಅದರ ಭಯವನ್ನು ಕಳೆದರು.

ಸ್ವರ್ಗನರಕಗಳ ವಿಷಯದಲ್ಲಿಯೂ ಹೀಗೆಯೇ. ಅವು ಸತ್ತ ಮೇಲೆ ಸೇರುವ ಊರುಗಳಲ್ಲವೆಂದೂ, ನಡೆಯಲ್ಲಿಯೇ ಇವೆಯೆಂದೂ ಅವರು ಸಾರಿದರು. ಕಳವು, ಕೊಲೆ, ಹುಸಿ, ಮುನಿಸು ಮೊದಲಾದ ಏಳನ್ನು ಬೇಡವೆಂದು ಹೇಳುವ ಸುಪ್ರಸಿದ್ಧ ವಚನವನ್ನು ಗಮನಿಸಿರಿ. ಪ್ರತಿಷೇಧಗಳ ಅಂತಹ ಪಟ್ಟಿ ಯಾವ ಶಾಸ್ತ್ರದಲ್ಲಿ ಬಂದರೂ ಅದರ ಬೆನ್ನಿಗೆ 'ಮಾಡಿದರೆ ಏನಾಗುವುದು' ಎಂಬುದು ಬಂದೇ ಬರುತ್ತದೆ. ಇಲ್ಲಿ ದಂಡದ ಮಾತೇ ಇಲ್ಲ. ಇದೇ ಒಳಗಿನ ಶುದ್ಧಿ, ಇದೇ ಹೊರಗಿನ ಶುದ್ಧಿ ಎಂದಷ್ಟೇ ಹೇಳಿ ವಚನ ಮುಗಿಯುತ್ತದೆ. ಇನ್ನು ಮುನಿಸನ್ನು ಕುರಿತ ವಚನವೊಂದರಲ್ಲಿ, ಮನೆಯೊಳಗಿನ ಬೆಂಕಿ ನೆರೆಮನೆಗಿಂತ ಮೊದಲು ತನ್ನ ಮನೆಯನ್ನೇ ಸುಡುವುದೆಂಬ ದೃಷ್ಟಾಂತದಿಂದ, ಶಿಕ್ಷಿಸುವ ಸಿಟ್ಟು ಶಿಕ್ಷಿಸುವವನನ್ನೇ ಮೊದಲು ದಂಡಿಸುತ್ತದೆ ಎಂಬುದನ್ನು ತೋರಿಸಿದ್ದಾರೆ.

ಇದನ್ನು ಹೇಳಿದವರು ಯಾರು? ಬಿಜ್ಜಳನ ಭಂಡಾರವನ್ನು ಕಾಯ್ದವರು. ಪರಂಪರೆ 'ದಣ್ಣಾಯಕ'ನೆಂದು ಕರೆದವರು. ದಂಡವೆಂಬ ಶಬ್ದಕ್ಕೆ ಸೈನ್ಯವೆಂಬ ಅರ್ಥದಂತೆ ಶಿಕ್ಷೆಯೆಂಬ ಅರ್ಥವೂ ಉಂಟು. ದಂಡಾಧಿಕಾರವುಳ್ಳವನ ಬಾಯಿಂದ ಬಂದುದರಿಂದ ಕ್ಷಮೆಯ ಮಾತಿಗೆ ತೂಕ ಬಂದಿದೆ.

೪

ಯಾಜ್ಞವಲ್ಕ್ಯನ ಪ್ರಕಾರ ಬ್ರಾಹ್ಮಣನ ಹೊನ್ನು ಕದ್ದವನು ಒನಕೆಯೊಂದನ್ನು ಹೊತ್ತು ಅರಸನ ಬಳಿಗೆ ಹೋಗಿ, ತನ್ನ ಕೃತ್ಯವನ್ನು ಹೇಳಿಕೊಂಡು, ಒನಕೆಯನ್ನು ಅವನ ಕೈಗೆ ಕೊಡಬೇಕು. ಅರಸ ಹೊಡೆದು ಕೊಂದರೂ ಬಿಟ್ಟರೂ ಅವನು ಶುದ್ಧ. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬಸವಣ್ಣನವರ ಮನೆಗೆ ಕಳ್ಳರು ಬಂದ ಪ್ರಸಂಗಗಳನ್ನು ನೋಡಬೇಕು. ಆಕಳುಗಳನ್ನು ಕಳ್ಳರು ಒಯ್ದಾಗ, ಬೊಬ್ಬೆಯಿಡಬೇಡಿರಿ, ಅಲ್ಲಿ ಉಣ್ಣುವವನೂ ಸಂಗ, ಇಲ್ಲಿ ಉಣ್ಣುವವನೂ ಸಂಗ ಎಂಬ ಭಾವದ ಮಾತು ಅವರದು. ಹಿಂದುಳಿದ ಕರುಗಳು ಹಂಬಲಿಸುವುವೆಂದು ಅವನ್ನೂ ಕಳುಹಿಸಿಕೊಟ್ಟರೆಂಬ ಕಥೆ ಜನಜನಿತವಾಗಿದೆ. ಬದನೆಕಾಯಿಯನ್ನು ಲಿಂಗದಂತೆ ಕಟ್ಟಿಕೊಂಡು ಜಂಗಮವೇಷದಿಂದ ಬಂದ ಕಳ್ಳರ ಬದನೆಕಾಯಿಗಳೇ ಲಿಂಗಗಳಾದುವೆಂದು ಬಸವಪುರಾಣದ ಪರಂಪರೆ ಹೇಳುತ್ತದೆ. ಪವಾಡವನ್ನು ನಂಬುವವರು ನಂಬಲಿ. ನಂಬದವರೂ ಅದರ ತಾತ್ಪರ್ಯವನ್ನು ಅಲ್ಲಗಳೆಯಲಾರರು. ಬಯಲಿಗೆಳೆಯುವುದರ ಬದಲು ನಂಬಿದ್ದರಿಂದ ಕಪಟ ನಿಜವಾಯಿತು.

ಅಪರಾಧಕ್ಕೆ ಪರಿಹಾರವೇನೆಂಬ ಪ್ರಶ್ನೆಗೆ ಶರಣರ ಉತ್ತರವನ್ನು ಅತ್ಯಂತ ಸರಳವಾಗಿ ಕಾಣಬೇಕಾದರೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೋಡಬೇಕು. ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಆಯ್ದ ಅಕ್ಕಿ ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಯಿತು. ಲಕ್ಕಮ್ಮ ವ್ರತವನ್ನೂ ಹೇಳಲಿಲ್ಲ, ದಾನವನ್ನೂ ಹೇಳಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬಾ ಎಂದಳು. ತಪ್ಪಿನ ಲೆಕ್ಕ ಅಲ್ಲಿಗೆ ಮುಗಿಯಿತು. ಮಾರಯ್ಯ ಮರುದಿನ ಮತ್ತೆ ಕಾಯಕಕ್ಕೆ ಹೋದ. ತಿದ್ದಿಕೊಂಡವನನ್ನು ಕಳಂಕಿತನೆಂದು ಕಾಣದಿರುವುದೇ ಇಲ್ಲಿಯ ಕ್ಷಮೆ.

೫

ಇಷ್ಟನ್ನು ಹೇಳಿ ನಿಲ್ಲಿಸಿದರೆ ಲೇಖನ ಸ್ತೋತ್ರವಾದೀತು. ಎರಡು ತೊಡಕುಗಳನ್ನು ಎದುರಿಸಬೇಕಾಗಿದೆ.

ಮೊದಲನೆಯದು ಬಸವಣ್ಣನವರ ವಚನಗಳೊಳಗೇ ಇದೆ. ಮಡದಿಯ ಮೈಮೇಲಿನ ಒಡವೆಗೆ ಕಳ್ಳ ಕೈಹಾಕಿದಾಗ, ಅದನ್ನು ತೆಗೆದು ಕೊಡೆಂದು ಅವರು ಹೇಳುತ್ತಾರೆ; ಬಂದವನು ಕೂಡಲಸಂಗಮನೇ ಎನ್ನುತ್ತಾರೆ. ಆದರೆ ಅದೇ ಉಸಿರಿನಲ್ಲಿ ಮಡದಿಯನ್ನು ಬೈಯುವ ಪದ ಅಂತ್ಯಜರ ಹೆಸರಿನಿಂದ ಬಂದ ಬೈಗುಳ. ಕಳ್ಳನಿಗೆ ಕ್ಷಮೆ, ಹೆದರಿದ ಹೆಣ್ಣಿಗೆ ಗದರಿಕೆ. ಗದರಿಕೆಯ ಶಬ್ದವೋ ತಾನು ತೊರೆದುಬಂದ ಮನೆಯದು. ಹಾಗೆಯೇ ಎಲ್ಲರನ್ನೂ ಮನ್ನಿಸಿದ ಈ ಮಹಾನುಭಾವರು ತಮ್ಮನ್ನು ಮಾತ್ರ ಮನ್ನಿಸಿಕೊಂಡಂತೆ ತೋರುವುದಿಲ್ಲ. ತನ್ನ ಮನಸ್ಸು ಚಂಚಲ, ತನ್ನ ಭಕ್ತಿ ಹುಸಿ, ತನಗಿಂತ ಕಿರಿಯರಿಲ್ಲ ಎಂಬ ಆತ್ಮನಿಂದೆ ವಚನದಿಂದ ವಚನಕ್ಕೆ ಹರಿಯುತ್ತದೆ. ಇದನ್ನು ವಿನಯವೆನ್ನುವುದು ವಾಡಿಕೆ. ನನಗಾದರೋ ಇದು ಮನುವಿನ ಪಟ್ಟಿಯ ಮೊದಲೆರಡು ಸಾಧನಗಳಾಗಿ ಕಾಣುತ್ತದೆ. ತಪಸ್ಸು, ಅಧ್ಯಯನ, ದಾನಗಳನ್ನು ಬಿಟ್ಟ ಬಸವಣ್ಣನವರು ಖ್ಯಾಪನವನ್ನೂ ಅನುತಾಪವನ್ನೂ ಉಳಿಸಿಕೊಂಡರು. ಪಾಪವನ್ನು ಪರಿಷತ್ತಿನ ಮುಂದೆ ಹೇಳಿಕೊಳ್ಳುವ ಹಳೆಯ ವಿಧಿಯೇ ಕನ್ನಡದಲ್ಲಿ, ಅನುಭವಮಂಟಪದಲ್ಲಿ, ವಚನವೆಂಬ ರೂಪವನ್ನು ತಾಳಿತು. ಬಿಟ್ಟುಬಂದ ಧರ್ಮದ ಅತ್ಯುತ್ತಮವಾದುದನ್ನು ಅವರು ಹೊತ್ತುತಂದರು. ಅದರೊಡನೆ ಅದರ ಭಾರವೂ ಸ್ವಲ್ಪ ಬಂದಿತು.

ಎರಡನೆಯ ತೊಡಕು ಪರಂಪರೆಯದು. ಹರಳಯ್ಯ ಮಧುವರಸರಿಗೆ ಬಿಜ್ಜಳ ವಿಧಿಸಿದ ಘೋರಶಿಕ್ಷೆಯನ್ನೂ, ಜಗದೇವ ಮೊದಲಾದವರು ಬಿಜ್ಜಳನನ್ನು ಕೊಂದುದನ್ನೂ ಪುರಾಣಗಳು ವರ್ಣಿಸುತ್ತವೆ. ಎರಡನೆಯದನ್ನು ಉತ್ಸಾಹದಿಂದಲೇ ವರ್ಣಿಸುತ್ತವೆ. ಪರಧರ್ಮೀಯರನ್ನು ದಂಡಿಸಿದ ಶರಣರ ಕಥೆಗಳೂ ಅಲ್ಲಿ ಕಡಿಮೆಯಿಲ್ಲ. ಇನ್ನೊಂದೆಡೆ ಆಚಾರವೇ ಪ್ರಾಣವೆಂಬುದನ್ನು ತನ್ನ ಅಂಕಿತದಲ್ಲಿಯೇ ಸೇರಿಸಿಕೊಂಡ ಶರಣೆ ಅಕ್ಕಮ್ಮನ ವಚನಗಳಲ್ಲಿ ವ್ರತ ತಪ್ಪಿದವನ ಬಗ್ಗೆ ಬಹಳ ನಿಷ್ಠುರವಾದ ನಿಲುವುಂಟು. ಅಕ್ಕಮ್ಮನಿಗೆ ನ್ಯಾಯ ಸಲ್ಲಿಸಿ ಹೇಳುವುದಾದರೆ, ಆಕೆಯ ವ್ರತ ಹುಟ್ಟಿನಿಂದ ಬಂದುದಲ್ಲ, ತಾನೇ ಆಯ್ದುಕೊಂಡದ್ದು. ಅಲ್ಲಿಯ ಕಾಠಿಣ್ಯ ಮೊದಲಿಗೆ ತನ್ನ ಮೇಲೆಯೇ. ಪುರಾಣಕಾರರ ವಿಷಯದಲ್ಲಿ ಈ ಸಮರ್ಥನೆ ಸಾಲದು. ಬಸವಣ್ಣನವರು ಕಳಚಿಟ್ಟ ದಂಡವನ್ನು ಅವರ ಕಥೆ ಹೇಳಿದವರು ಮತ್ತೆ ಕೈಗೆತ್ತಿಕೊಂಡರು. ಹೊಸ ಮನೆಯನ್ನು ಕಟ್ಟುವಾಗ ಹಳೆಯ ಮನೆಯ ಕಂಬಗಳನ್ನೇ ತಂದು ನಿಲ್ಲಿಸುವುದು ಎಲ್ಲ ಧರ್ಮಗಳ ಇತಿಹಾಸದಲ್ಲಿಯೂ ನಡೆದುಬಂದಿದೆ. ನಮ್ಮದು ಅದಕ್ಕೆ ಹೊರತಲ್ಲ.

ಆದುದರಿಂದ ಸಾಹಿತ್ಯಾಭ್ಯಾಸಿಗಳಲ್ಲಿ ನನ್ನ ವಿನಂತಿ ಇಷ್ಟೆ: ವಚನಗಳನ್ನು ವಚನಗಳೊಡನೆ ಮಾತ್ರ ಹೋಲಿಸಿ ಓದಬೇಡಿರಿ, ಅದೇ ಕಲ್ಯಾಣದ ಮಿತಾಕ್ಷರೆಯೊಡನೆ ಇಟ್ಟು ಓದಿರಿ. ಯಾವ ಶಬ್ದಕ್ಕೆ ಯಾವ ಉತ್ತರ ಎಂಬುದು ಆಗ ತಿಳಿಯುತ್ತದೆ. ಭಕ್ತರು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೂ ಹತ್ತಿರದ್ದು. ಆಚಾರ ತಪ್ಪಿದ ಮಗನನ್ನೋ, ಬೇರೆ ದಾರಿ ಹಿಡಿದು ಹೋದ ಬಂಧುವನ್ನೋ ಕಂಡಾಗ ನಮ್ಮ ಬಾಯಿಗೆ ಮೊದಲು ಬರುವುದು ಯಾರ ಮಾತು? ಒನಕೆಯನ್ನು ತಾ ಎಂಬುದೋ, ಹೆಚ್ಚಾದುದನ್ನು ಸುರಿದು ಬಾ, ಅಡುಗೆ ಕಾಯುತ್ತಿದೆ ಎಂಬುದೋ? ಜನ್ನಿವಾರ ಕಳಚಿದ ದಿನವೇ ಬಸವಣ್ಣನವರ ಪ್ರಯಾಣ ಮುಗಿದಿರಲಿಲ್ಲ. ನಮ್ಮದೂ ಲಿಂಗ ಕಟ್ಟಿಕೊಂಡ ದಿನದಿಂದ ಆರಂಭವಾಗಿದೆಯಷ್ಟೆ.