ಸಾವಳಗಿಯ ಓದುಗರಿಗೆ ಕಲ್ಲಿನ ಪುಸ್ತಕ

ಕಲ್ಲು, ಖನಿಜ, ಹರಳುಗಳ ಮೇಲೆ ಬಂದ ಪುಸ್ತಕಗಳನ್ನು ತೂಗಿನೋಡಲು ನನಗೆ ಒಂದೇ ಪರೀಕ್ಷೆ ಸಾಕೆನಿಸುತ್ತದೆ. ಅದನ್ನು ಓದಿದವರು ತಮ್ಮ ಹೊಲದ ಬದುವಿನಲ್ಲಿ ಬಿದ್ದ ಕಲ್ಲನ್ನು ಎತ್ತಿಕೊಂಡು, ಇದು ಇಂಥದ್ದು, ಇಲ್ಲಿಗೆ ಹೀಗೆ ಬಂತು ಎಂದು ಹೇಳಬಲ್ಲರೆ? ಜಮಖಂಡಿ ಸೀಮೆಯ ಸಾವಳಗಿಯಂಥ ಊರಲ್ಲಿ ಕೂತು ಈ ಪರೀಕ್ಷೆ ಮಾಡಿದರೆ ಹೆಸರಾದ ಪುಸ್ತಕಗಳೂ ಎಡವುತ್ತವೆ. ಗೆಲುವಿನ ಹತ್ತಿರ ಬರುವುದು 1876ರಲ್ಲಿ ಅಚ್ಚಾದ ಒಂದು ಪುಸ್ತಕ. ಅದು ಇಂಗ್ಲಿಷಿನದು, ಸರಕಾರಿ ವರದಿಯ ರೂಪದ್ದು, ಇಂದಿಗೆ ಹಳತಾದದ್ದು. ಹಾಗಿದ್ದೂ ಅದೇ ಯಾಕೆ ಮುಂದೆ ನಿಲ್ಲುತ್ತದೆ ಎಂದು ನೋಡಿದರೆ, ನಂತರದ ಪುಸ್ತಕಗಳಲ್ಲಿ ಕಳೆದುಹೋದದ್ದು ಏನೆಂದು ಗೊತ್ತಾಗುತ್ತದೆ.

ಮೊದಲು ನೆಲ. ಸಾವಳಗಿಯದು ಎರೆ ಭೂಮಿ. ಎರೆಯ ಕೆಳಗೆ ಗರಸು, ಗರಸಿನ ಕೆಳಗೆ ಕರಿಕಲ್ಲು. ಬಾವಿ ತೋಡಿದವರಿಗೆ ಈ ಮೂರೂ ಪದರ ಬಾಯಿಪಾಠ. ಆ ಕರಿಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಒಂದರ ಮೇಲೊಂದು ಹರಡಿ ಆರಿದ್ದು. ಮಹಾರಾಷ್ಟ್ರದ ಬಹುಭಾಗವನ್ನು ಮುಚ್ಚಿರುವ ದಖನ್ ಟ್ರ್ಯಾಪ್‌ನ ದಕ್ಷಿಣದ ಅಂಚು ನಮ್ಮ ಸೀಮೆ. ಹಳೆಯ ಬಾವಿಯ ದಂಡೆಯ ಮೇಲೆ ಸುರಿದ ಕಲ್ಲಿನ ರಾಶಿಯಲ್ಲಿ ಹುಡುಕಿದರೆ ತೂತುಬಿದ್ದ ಕಲ್ಲು ಸಿಗುತ್ತದೆ. ಲಾವಾ ಆರುವಾಗ ಒಳಗೇ ಸಿಕ್ಕಿಕೊಂಡ ಆವಿಯ ಗುಳ್ಳೆಗಳು ಆ ತೂತುಗಳಾದವು. ಆಮೇಲೆ ಬಿಸಿನೀರು ಕಲ್ಲಿನೊಳಗೆ ಹರಿದು, ಕರಗಿಸಿಕೊಂಡಿದ್ದನ್ನು ಅಲ್ಲಿ ಬಿಟ್ಟು ಹರಳು ಕಟ್ಟಿತು. ಬಿಳಿ ಹರಳು ಕಂಡರೆ ಅದು ಮೂರರಲ್ಲಿ ಒಂದಾಗಿರುವ ಸಂಭವ ಹೆಚ್ಚು. ಅದರಿಂದ ಗಾಜಿನ ಮೇಲೆ ಗೀಚಿದಾಗ ಗಾಜಿಗೇ ಗೀರು ಬಿದ್ದರೆ ಬೆಣಚುಕಲ್ಲಿನ ಜಾತಿ. ಆಸಿಡ್ಡಿನ ಹನಿ ತಾಗಿದ ಕೂಡಲೇ ನೊರೆ ಎದ್ದರೆ ಕ್ಯಾಲ್ಸೈಟ್. ಎರಡೂ ಆಗದೆ, ಚಾಕುವಿನ ಮೊನೆಗೆ ಗೀರುಬಿದ್ದು, ಹಾಳೆಹಾಳೆಯಾಗಿಯೋ ಸೂಜಿಯಂಥ ಎಳೆಗಳಾಗಿಯೋ ಕೂಡಿಕೊಂಡಿದ್ದರೆ ಜಿಯೋಲೈಟ್ ಗುಂಪಿನದು. ಇಷ್ಟು ಹೇಳಲು ಅರ್ಧ ಪುಟ ಬೇಕು. ನಮ್ಮ ನೆಲಕ್ಕೆ ಹೊಂದುವ ಆ ಅರ್ಧ ಪುಟ ಯಾವ ಪುಸ್ತಕದಲ್ಲಿದೆ ಎಂಬುದೇ ನನ್ನ ತಕರಾರಿನ ಮೂಲ.

ಹರಳುಪ್ರಿಯರಿಗಾಗಿ ಇಂಗ್ಲಿಷಿನಲ್ಲಿ ಬರುವ ನುಣುಪು ಹಾಳೆಯ ಪುಸ್ತಕಗಳಲ್ಲಿ ಇದೇ ದಖನ್ ಕಲ್ಲಿನ ಹರಳುಗಳು ರಾಜಮರ್ಯಾದೆ ಪಡೆದಿವೆ. ನಾಸಿಕ, ಜಳಗಾಂವ, ಪುಣೆಯ ಕ್ವಾರಿಗಳ ಸ್ಟಿಲ್ಬೈಟ್, ಅಪೊಫಿಲೈಟ್‌ಗಳು ಜಗತ್ತಿನ ಮ್ಯೂಸಿಯಂಗಳಲ್ಲಿವೆ. ಪುಣೆ ಹತ್ತಿರದ ವಾಘೋಲಿಯ ನೀಲಿ ಕ್ಯಾವನ್ಸೈಟ್ ಅಂತೂ ಸಂಗ್ರಾಹಕರ ಕನಸು. ಆದರೆ ಈ ಬಗೆಯ ಪುಸ್ತಕಗಳ ಬಹುಪಾಲು ಚಿತ್ರಗಳಲ್ಲಿ ಹರಳಿನ ಹಿಂದೆ ಕಪ್ಪು ಬಟ್ಟೆ ಇರುತ್ತದೆ, ಅದು ಹುಟ್ಟಿದ ಕರಿಕಲ್ಲು ಇರುವುದಿಲ್ಲ. ಓದುಗರಿಗೆ ಹರಳಿನ ಚೆಲುವು ದಕ್ಕುತ್ತದೆ, ಅದರ ತವರು ದಕ್ಕುವುದಿಲ್ಲ. ಇದಕ್ಕೆ ನಾನು ಮೆಚ್ಚುವ ಅಪವಾದ ಜರ್ಮನಿಯ ಬರ್ತೋಲ್ಡ್ ಒಟ್ಟೆನ್ಸ್ 2003ರಲ್ಲಿ ‘ಮಿನರಲಾಜಿಕಲ್ ರೆಕಾರ್ಡ್’ ಪತ್ರಿಕೆಗೆ ಬರೆದ ದಖನ್ ಟ್ರ್ಯಾಪ್ ಖನಿಜಗಳ ದೀರ್ಘ ಲೇಖನ. ಹರಳು ಸಿಕ್ಕ ಊರು, ಕ್ವಾರಿಗಳಿಗೆ ಅಲ್ಲಿ ಹರಳಿನಷ್ಟೇ ಜಾಗವಿದೆ. ಖಡಿಗಾಗಿ ಕಲ್ಲು ಒಡೆಯುವ ಕ್ವಾರಿಯಲ್ಲೇ ಇಂಥ ಹರಳು ಹೊರಬರುವುದರಿಂದ ಕ್ವಾರಿಯ ಹೆಸರು ಬಿಟ್ಟು ಹರಳಿನ ಕಥೆ ಹೇಳಿದರೆ ಅದು ಅರ್ಧ ಕಥೆ.

ಕನ್ನಡದಲ್ಲಿ ಜಾತ್ರೆಯ ಅಂಗಡಿಯಿಂದ ಬಸ್‌ಸ್ಟ್ಯಾಂಡಿನವರೆಗೆ ಸುಲಭವಾಗಿ ಸಿಗುವುದು ಅದೃಷ್ಟರತ್ನಗಳ ಪುಸ್ತಕ. ಯಾವ ರಾಶಿಗೆ ಯಾವ ಕಲ್ಲು ಎಂಬುದರಾಚೆಗೆ ಅದು ಹೋಗುವುದಿಲ್ಲ. ಇದೇ ನಾಡನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ರತ್ನಗಳ ಗುಣ, ದೋಷಗಳನ್ನು ಕೂತು ಪರೀಕ್ಷಿಸಿದ್ದಾನೆ. ಅದಕ್ಕೂ ನೂರು ವರ್ಷ ಮೊದಲು, 1025ರಲ್ಲಿ, ಇಮ್ಮಡಿ ಚಾವುಂಡರಾಯ ಕನ್ನಡದಲ್ಲೇ ಬರೆದ ‘ಲೋಕೋಪಕಾರ’ದಲ್ಲಿ ನೆಲದೊಳಗಿನ ನೀರು ಕಂಡುಹಿಡಿಯುವ ಅಧ್ಯಾಯವಿದೆ. ಆ ಗುರುತುಗಳೆಲ್ಲ ಇಂದಿನ ಪರೀಕ್ಷೆಗೆ ನಿಲ್ಲುವುದಿಲ್ಲ. ಆದರೂ ನೆಲವನ್ನು ನೋಡಿ ಬರೆಯಬೇಕು, ಬಾವಿ ತೋಡುವವನಿಗೆ ಉಪಯೋಗವಾಗುವಂತೆ ಬರೆಯಬೇಕು ಎಂಬ ತಿಳಿವಳಿಕೆ ಅಲ್ಲಿತ್ತು. ಸಾವಿರ ವರ್ಷ ಕಳೆದ ಮೇಲೆ ನಮ್ಮ ಪುಸ್ತಕದಂಗಡಿ ಅದಕ್ಕಿಂತ ಹಿಂದೆ ಸರಿದದ್ದು ನನಗೆ ನಿಜವಾಗಿಯೂ ನೋವಿನ ಸಂಗತಿ.

1876ರ ಪುಸ್ತಕಕ್ಕೆ ಬರುತ್ತೇನೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮೆಮಾಯರ್ ಮಾಲೆಯ 12ನೇ ಸಂಪುಟವಾಗಿ ಬಂದ ‘ದಕ್ಷಿಣ ಮರಾಠಾ ಸೀಮೆ ಮತ್ತು ನೆರೆಯ ಜಿಲ್ಲೆಗಳ ಭೂವೈಜ್ಞಾನಿಕ ಲಕ್ಷಣಗಳು’. ಬರೆದವರು ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ ಕೆಲಸಕ್ಕೆ ಸೇರಿ, 1863ರಲ್ಲಿ ಮದರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಕಂಡು ಭಾರತದ ಪ್ರಾಗಿತಿಹಾಸಕ್ಕೆ ದಾರಿ ತೆರೆದವರು ಇವರೇ. ಆಗ ಜಮಖಂಡಿ, ಮುಧೋಳ ಸಂಸ್ಥಾನಗಳಾಗಿದ್ದವು. ಕಲಾದಗಿ ಜಿಲ್ಲಾ ಕೇಂದ್ರ. ಆ ಊರಿನ ಹೆಸರನ್ನೇ ಫೂಟ್ ಇಲ್ಲಿನ ಹಳೆಯ ಪದರಗಲ್ಲುಗಳಿಗೆ ಇಟ್ಟರು: ಕಲಾದಗಿ ಸರಣಿ. ಜಿಲ್ಲಾ ಕಚೇರಿ ವಿಜಾಪುರಕ್ಕೆ ಹೋಯಿತು, ಹೆಸರು ಮಾತ್ರ ಕಲ್ಲಿನಲ್ಲಿ ಉಳಿಯಿತು.

ಈ ಪುಸ್ತಕದ ದೊಡ್ಡ ಗುಣ, ಬರೆದವರು ನೆಲದ ಮೇಲೆ ಓಡಾಡಿ ಬರೆದದ್ದು. ಫೂಟ್ ಕಲಾದಗಿ ಸರಣಿಯನ್ನು ಕೆಳಗಿನದು, ಮೇಲಿನದು ಎಂದು ಎರಡು ಮಾಡಿದರು. ತಳದಲ್ಲಿ ಉರುಟುಗಲ್ಲಿನ ಗಟ್ಟಿ, ಮರಳುಗಲ್ಲು, ಬಿಗಿದು ಗಟ್ಟಿಯಾದ ಮರಳುಗಲ್ಲಾದ ಕ್ವಾರ್ಟ್ಜೈಟ್, ಅದರ ಮೇಲೆ ಬೆಣಚು ಬೆರೆತ ಸುಣ್ಣಕಲ್ಲು, ಚೂಪು ಚೂರುಗಳು ಅಂಟಿಕೊಂಡ ಚರ್ಟ್ ಎಂಬ ಬೆಣಚಿನ ಜಾತಿಯ ಕಲ್ಲು, ಆಮೇಲೆ ಮರಳುಗಲ್ಲು, ಜೇಡಿಪದರ, ಮತ್ತೆ ಸುಣ್ಣಕಲ್ಲು. ಮೇಲಿನ ಭಾಗದಲ್ಲಿ ಪುನಃ ಕ್ವಾರ್ಟ್ಜೈಟಿನಿಂದ ಶುರುವಾಗಿ ಸುಣ್ಣಕಲ್ಲು, ಕಬ್ಬಿಣದ ಅಂಶವಿರುವ ಪದರಗಳವರೆಗೆ. ಈ ಕ್ರಮ ಗೊತ್ತಿದ್ದರೆ ಕೃಷ್ಣೆ ದಾಟಿ ಜಮಖಂಡಿ, ಮುಧೋಳ ಹಾದು ಲೋಕಾಪುರಕ್ಕೆ ಹೋಗುವ ದಾರಿ ಬೇರೆಯೇ ಆಗಿ ಕಾಣುತ್ತದೆ. ಆ ಬಸ್ಸಿನ ದಾರಿಯಲ್ಲಿ 6.6 ಕೋಟಿ ವರ್ಷದ ಲಾವಾ ಹಿಂದೆ ಬಿದ್ದು, 100 ಕೋಟಿ ವರ್ಷಕ್ಕೂ ಹಳೆಯ ಸಮುದ್ರದ ತಳ ಎದುರಾಗುತ್ತದೆ. ವರ್ಷದ ಲೆಕ್ಕ ಫೂಟ್ ಅವರಿಗೆ ಗೊತ್ತಿರಲಿಲ್ಲ. ಕಲ್ಲಿನ ವಯಸ್ಸು ಅಳೆಯುವ ವಿಕಿರಣದ ವಿಧಾನ ಇನ್ನೂ ಹುಟ್ಟಿರಲಿಲ್ಲ. ಯಾವುದು ಯಾವುದರ ಮೇಲೆ ಕೂತಿದೆ ಎಂಬುದನ್ನು ಕಣ್ಣಾರೆ ನೋಡಿ ಹೇಳಿದರು.

ಅವರ ಗಮನ ಕಲ್ಲಿನ ಪದರಗಳಲ್ಲೇ ನಿಂತುಬಿಡಲಿಲ್ಲ. ನದಿಗಳ ಗರಸು, ಹೊಳೆಗುಂಡುಗಳ ನಡುವೆ ಹಳೆಯ ಮನುಷ್ಯರ ಕಲ್ಲಿನ ಆಯುಧಗಳನ್ನು ಗುರುತಿಸಿದರು. ಗೋಕಾಕ ಹತ್ತಿರ ಸಿಕ್ಕ ಖಡ್ಗಮೃಗದ ಎಲುಬುಗಳನ್ನು 1874ರಲ್ಲಿ ‘ರೈನೋಸೆರಸ್ ಡೆಕನೆನ್ಸಿಸ್’ ಎಂಬ ಹೊಸ ಹೆಸರಿನಲ್ಲಿ ವರ್ಣಿಸಿದರು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನವರು ಇದೇ ಜಾಡಿನಲ್ಲಿ ಬಂದರು. ಆರ್.ವಿ. ಜೋಶಿ ಮಲಪ್ರಭೆಯ ಕಣಿವೆಯ ಮೇಲೆ 1955ರಲ್ಲಿ, ಆರ್.ಎಸ್. ಪಪ್ಪು ಮೇಲಿನ ಕೃಷ್ಣಾ ಕಣಿವೆಯ ಮೇಲೆ 1974ರಲ್ಲಿ ಪುಸ್ತಕ ಬರೆದರು. ಬೀಳಗಿ ತಾಲೂಕಿನ ಅನಗವಾಡಿ ಪ್ರಾಗಿತಿಹಾಸದ ಭೂಪಟದಲ್ಲಿ ಬಂದದ್ದು ಹೀಗೆ. ಅಲ್ಲಿ ಸಿಕ್ಕ ಕಲ್ಲಿನ ಆಯುಧಗಳು ಕಲಾದಗಿಯ ಕ್ವಾರ್ಟ್ಜೈಟಿನವು ಎಂಬುದು ಭೂವಿಜ್ಞಾನವನ್ನೂ ಪುರಾತತ್ವವನ್ನೂ ಒಂದೇ ಕಟ್ಟಿಗೆ ತರುತ್ತದೆ. ಬಡಿದರೆ ಚೂಪಾದ ಅಂಚು ಬಿಡುವ, ಬೇಗ ಮೊಂಡಾಗದ ಕಲ್ಲನ್ನು ಆ ಜನ ಆರಿಸಿಕೊಂಡಿದ್ದರು.

ಫೂಟ್ ಪುಸ್ತಕದ ಕೊರತೆಗಳನ್ನು ಮುಚ್ಚಿಡಬೇಕಾಗಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲನ್ನೂ ಅವರು ಕಲಾದಗಿ ಸರಣಿಯೊಳಗೇ ಸೇರಿಸಿದರು. ಬಾಗಲಕೋಟೆ, ಲೋಕಾಪುರದ ಪದರಗಳು ಮಡಚಿ ಓರೆಯಾಗಿವೆ; ಬಾದಾಮಿಯವು ಬಹುಮಟ್ಟಿಗೆ ಅಡ್ಡಡ್ಡ ಮಲಗಿವೆ. ಮಡಚಿದ ಕಲ್ಲು ಸವೆದ ಮೇಲೆ ಅದರ ಮೇಲೆ ಹೊಸದಾಗಿ ಬಿದ್ದದ್ದು ಬಾದಾಮಿಯ ಮರಳು. ನಡುವೆ ದೊಡ್ಡ ಕಾಲದ ಅಂತರವಿದೆ. ಇದನ್ನು ಬಿಡಿಸಿ ಎರಡು ಬೇರೆ ಗುಂಪುಗಳೆಂದು ಸ್ಥಾಪಿಸಿದ ಕೀರ್ತಿ ಎಂ.ಎನ್. ವಿಶ್ವನಾಥಯ್ಯ ಅವರದು. ಕಲಾದಗಿ ಕಲ್ಲುಗಳಲ್ಲಿ ಜೀವದ ಗುರುತೂ ಫೂಟ್ ಅವರಿಗೆ ಸಿಗಲಿಲ್ಲ. ಲೋಕಾಪುರದ ಸುತ್ತಿನ ಸುಣ್ಣಕಲ್ಲು, ಡಾಲಮೈಟ್‌ಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ. ತಿಳಿನೀರಿನ ತಳದಲ್ಲಿ ಹಸಿರು ಪಾಚಿಯಂತೆ ಹರಡಿದ ಸೂಕ್ಷ್ಮಜೀವಿಗಳು ಸುಣ್ಣದ ಕಣ ಹಿಡಿದು ಹಾಳೆಯ ಮೇಲೆ ಹಾಳೆ ಬೆಳೆಸಿದ ಗುಮ್ಮಟಗಳು ಅವು. ಕಲ್ಲಿನ ಒಡೆದ ಮೈಯಲ್ಲಿ ಈರುಳ್ಳಿ ಕೊಯ್ದಂತೆ ಸುತ್ತುಸುತ್ತಾದ ಗೆರೆ ಕಾಣುತ್ತದೆ. ಸ್ಟ್ರೊಮ್ಯಾಟೊಲೈಟ್ ಎಂಬ ಹೆಸರು ವಿಜ್ಞಾನಕ್ಕೆ ಬಂದದ್ದೇ 1908ರಲ್ಲಿ. ಹಾಗಾಗಿ ಇದನ್ನು ತಪ್ಪೆನ್ನಲಾರೆ. ಆದರೆ ಕಲ್ಲು ತೋರಿಸಿದ, ದಾರಿ ಹೇಳಿದ, ಸುಣ್ಣ ಸುಡುವ, ಕಲ್ಲು ಸೀಳುವ ಜನರ ತಿಳಿವಳಿಕೆ ಆ ಕಾಲದ ಸರ್ವೇ ಸಾಹಿತ್ಯದಲ್ಲಿ ದಾಖಲೆಯಾಗದೆ ಹೋದದ್ದನ್ನು ಕ್ಷಮಿಸುವುದು ಕಷ್ಟ. ಕಲ್ಲಿನ ಸೀಳು ಯಾವ ಕಡೆ ಓಡುತ್ತದೆಂದು ಸುತ್ತಿಗೆಯ ಸದ್ದಿನಲ್ಲೇ ತಿಳಿಯುವ ವಡ್ಡರ ವಿದ್ಯೆ ಯಾವ ಮೆಮಾಯರ್‌ನಲ್ಲೂ ಅಧ್ಯಾಯವಾಗಲಿಲ್ಲ.

ವಿದ್ವಾಂಸರಿಗೆ ಇಂದು ಆಧಾರವಾದದ್ದು 1987ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಹೊರತಂದ 6ನೇ ಮೆಮಾಯರ್, ‘ಪುರಾಣ ಬೇಸಿನ್ಸ್ ಆಫ್ ಪೆನಿನ್ಸುಲರ್ ಇಂಡಿಯಾ’. ಅದರಲ್ಲಿ ಎ.ವಿ. ಜಯಪ್ರಕಾಶ್ ಮತ್ತು ಸಂಗಡಿಗರು ಕಲಾದಗಿಯ ಸುಮಾರು 8,000 ಚದರ ಕಿ.ಮೀ. ಸೀಮೆಯ ಕಲ್ಲನ್ನು ಪದರಪದರವಾಗಿ ಬಿಡಿಸಿದ ಕೋಷ್ಟಕವಿದೆ. ಆ ಕೋಷ್ಟಕವನ್ನು ಮೊದಲ ಸಲ ಓದಿದಾಗ ನನಗಾದ ಸಂತೋಷ ಹೇಳತೀರದು. ಲೋಕಾಪುರ, ಸೀಮಿಕೇರಿ ಎಂಬ ಉಪಗುಂಪುಗಳು. ಒಳಗೆ ಯರಗಟ್ಟಿ, ಯಡಹಳ್ಳಿ, ಮುದ್ದಾಪುರ, ಕುಂದರಗಿ, ಹೊಸಕಟ್ಟಿ. ಇನ್ನೂ ಒಳಗೆ ಪೆಟ್ಲೂರ ಸುಣ್ಣಕಲ್ಲು, ಲಕ್ಷಾನಟ್ಟಿ ಡಾಲಮೈಟ್, ಮುಚಖಂಡಿ ಕ್ವಾರ್ಟ್ಜೈಟ್, ಮಹಾಕೂಟದ ಚರ್ಟ್. ನಮ್ಮ ಸೀಮೆಯ ಬಸ್ಸಿನ ಬೋರ್ಡು ಓದಿದಂತಿದೆ. ಕಲ್ಲಿನ ಘಟಕಕ್ಕೆ ಅದು ಚೆನ್ನಾಗಿ ಕಾಣುವ ಊರಿನ ಹೆಸರಿಡುವುದು ಜಗತ್ತಿನ ಪದ್ಧತಿ. ಪೆಟ್ಲೂರ ಸುಣ್ಣಕಲ್ಲು ಎಂದರೇನೆಂದು ತಿಳಿಯಬೇಕಾದ ಯಾವ ದೇಶದ ವಿದ್ವಾಂಸರಾದರೂ ಪೆಟ್ಲೂರಿಗೇ ಬರಬೇಕು. ಪೆಟ್ಲೂರಿನ ಶಾಲೆಯ ಮಕ್ಕಳಿಗೆ ಈ ಮಾತು ಹೇಳುವ ಪಾಠ ಮಾತ್ರ ಪಠ್ಯಪುಸ್ತಕದಲ್ಲಿಲ್ಲ.

ಜಯಪ್ರಕಾಶ್ ಮತ್ತು ಸಂಗಡಿಗರ ಆ ಲೇಖನ ನಿಖರವಾದದ್ದು, ಆದರೆ ಓದುಗರ ಕೈ ಹಿಡಿಯುವುದಿಲ್ಲ. ಯಾವ ಹಳ್ಳದ ದಂಡೆಗೆ ಹೋದರೆ ಈ ಪದರ ಕಾಣುತ್ತದೆ ಎಂಬುದನ್ನು ಪರಿಣತರು ತಾವೇ ಊಹಿಸಿಕೊಳ್ಳುತ್ತಾರೆ. ಉಳಿದವರು ಪುಸ್ತಕ ಮುಚ್ಚಿಡುತ್ತಾರೆ. ಬಿ.ಪಿ. ರಾಧಾಕೃಷ್ಣ ಮತ್ತು ಆರ್. ವೈದ್ಯನಾಥನ್ 1994ರಲ್ಲಿ ಬರೆದ ‘ಜಿಯಾಲಜಿ ಆಫ್ ಕರ್ನಾಟಕ’ ಇದಕ್ಕಿಂತ ಸಲೀಸಾದ ಪುಸ್ತಕ, ಇಡೀ ರಾಜ್ಯವನ್ನು ಒಂದೇ ನೋಟದಲ್ಲಿ ಕೊಡುತ್ತದೆ. ನನ್ನ ಕಪಾಟಿನಲ್ಲಿ ಅದಕ್ಕೆ ಗೌರವದ ಜಾಗವಿದೆ. ಆದರೂ ಇಡೀ ರಾಜ್ಯ ಹೇಳಬೇಕಾದ ಕಡೆ ಒಂದು ತಾಲೂಕಿನ ಕಲ್ಲಿಗೆ ಎಷ್ಟು ಸಾಲು ಸಿಕ್ಕೀತು?

ಕನ್ನಡದಲ್ಲಿ ಏನೂ ಇಲ್ಲವೆಂದರೆ ಅನ್ಯಾಯವಾದೀತು. ಶಿವರಾಮ ಕಾರಂತರು ಒಬ್ಬರೇ ಕೂತು ಬರೆದ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಭೂವಿಜ್ಞಾನದ ಬರಹಗಳು, ಸ್ವತಃ ಭೂವಿಜ್ಞಾನಿಯಾದ ಟಿ.ಆರ್. ಅನಂತರಾಮು ಅವರ ಪುಸ್ತಕಗಳು ಈ ಶಾಸ್ತ್ರವನ್ನು ಕನ್ನಡದಲ್ಲಿ ಸರಾಗವಾಗಿ ಹೇಳಬಹುದೆಂದು ತೋರಿಸಿವೆ. ಭಾಷೆಗೆ ಶಕ್ತಿ ಸಾಲದೆಂಬ ನೆವ ಇನ್ನು ನಡೆಯದು. ಇವು ಭೂಮಿಯ ಕಥೆ ಹೇಳುತ್ತವೆ, ಕಲ್ಲು ಎಂಥದ್ದೆಂದು ತಿಳಿಸುತ್ತವೆ. ಕೈಯಲ್ಲಿ ಹಿಡಿದು ಹೊಲಕ್ಕೆ ಹೋಗುವ, ಒಂದು ಸೀಮೆಗೇ ಕಟ್ಟುಬಿದ್ದ ಪುಸ್ತಕ ಬೇರೆ ಜಾತಿಯದು. ಅಮೆರಿಕದಲ್ಲಿ ಫ್ರೆಡರಿಕ್ ಪೋ 1953ರಲ್ಲಿ ಬರೆದ ಕಲ್ಲು-ಖನಿಜಗಳ ಕೈಪಿಡಿ ತಲೆಮಾರುಗಳ ಹವ್ಯಾಸಿಗಳನ್ನು ಬೆಳೆಸಿತು. ಗಡಸುತನ, ಗೀರಿನ ಬಣ್ಣ, ಸೀಳುವ ಬಗೆ, ಆಸಿಡ್ಡಿಗೆ ತೋರುವ ಗುಣ ಎಂದು ಪರೀಕ್ಷೆಗಳನ್ನು ಮುಂದಿಟ್ಟದ್ದು ಅದರ ಬಲ. ಆ ಕ್ರಮವನ್ನು ಇಟ್ಟುಕೊಂಡು, ಉದಾಹರಣೆಗಳನ್ನೆಲ್ಲ ಸಾವಳಗಿಯ ಬಾವಿದಂಡೆ, ಮುಧೋಳದ ಸುಣ್ಣಕಲ್ಲು, ಬೀಳಗಿಯ ಗುಡ್ಡ, ಇಳಕಲ್ಲಿನ ಕೆಂಪು ಗ್ರಾನೈಟಿನಿಂದ ತೆಗೆದುಕೊಳ್ಳಬೇಕು. ಫೂಟ್ ಅವರ ನಡಿಗೆ, ಜಯಪ್ರಕಾಶರ ಕೋಷ್ಟಕ, ಪೋ ಅವರ ಪರೀಕ್ಷೆ ಮೂರೂ ಒಂದೆಡೆ ಕೂಡಿದರೆ ಜಮಖಂಡಿ-ಮುಧೋಳ ಸೀಮೆಗೆ ನೂರೈವತ್ತು ಪುಟದ ಒಳ್ಳೆಯ ಪುಸ್ತಕವಾಗುತ್ತದೆ.

ಇದನ್ನು ಮುಂದೂಡಬಾರದು ಎನ್ನಲು ಕಾರಣವಿದೆ. ಕೃಷ್ಣಾ, ಘಟಪ್ರಭೆಯ ದಂಡೆಯಲ್ಲಿದ್ದ ಎಷ್ಟೋ ಬಂಡೆಗಳು ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿವೆ. ಅವುಗಳನ್ನು ಕಾಣಲು ಫೂಟ್ ಮತ್ತು ಪಪ್ಪು ಅವರ ಪುಟಗಳಿಗೇ ಹೋಗಬೇಕು. ಇನ್ನೊಂದು ಕಡೆ ಲೋಕಾಪುರ, ಮುದ್ದಾಪುರದ ಸುಣ್ಣಕಲ್ಲು ಸಿಮೆಂಟಿಗೆ ಹೋಗುತ್ತಿದೆ. ಗಣಿಯ ಕಡಿದ ಗೋಡೆಯಲ್ಲಿ ಪದರಗಳು ಯಾವ ಗುಡ್ಡದಲ್ಲೂ ಕಾಣದಷ್ಟು ಸ್ವಚ್ಛವಾಗಿ ಕಾಣುತ್ತವೆ, ಆದರೆ ಗೋಡೆ ಹಿಂದೆ ಸರಿದ ಹಾಗೆ ನಿನ್ನೆ ಕಂಡ ಪದರ ಇವತ್ತು ಇರುವುದಿಲ್ಲ. ಗಣಿಯವರ ಒಪ್ಪಿಗೆ ಪಡೆದು, ಅಳತೆಯ ಕೋಲು ಪಕ್ಕಕ್ಕಿಟ್ಟು, ಒಂದೊಂದು ಗೋಡೆಯ ಚಿತ್ರ ತೆಗೆದು, ಸ್ಟ್ರೊಮ್ಯಾಟೊಲೈಟ್ ಇರುವ ಒಂದೆರಡು ತುಂಡನ್ನಾದರೂ ಮುಧೋಳ, ಜಮಖಂಡಿಯ ಕಾಲೇಜುಗಳಲ್ಲಿ ಊರಿನ ಹೆಸರು ಬರೆದು ಇಡುವ ಕೆಲಸ ಪುಸ್ತಕಕ್ಕಿಂತ ಮೊದಲು ಆಗಬೇಕು. ಆ ತುಂಡುಗಳ ಚೀಟಿಯಿಂದಲೇ ಪುಸ್ತಕದ ಮೊದಲ ಅಧ್ಯಾಯ ಬರೆಯಬಹುದು.